ಅಡಿವೆಪ್ಪಜ್ಜನವರು ಕಾಲು ಚಾಚಿದ್ದು

ಪೂಜ್ಯ ಶ್ರೀ ಅಡಿವೆಪ್ಪಜ್ಜನವರಿಗೆ ಮಠವಿರಲಿಲ್ಲ. ಇಳಕಲ್ಲಿನಿಂದಾಚೆ ಸಣ್ಣದೊಂದು ನೇಕಾರರ ಊರಿನಲ್ಲಿ ಎರಡು ಅಂಕಣದ ಮಣ್ಣಿನ ಮನೆ, ಅದರೊಳಗೊಂದು ಕುಣಿಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅವರು ದಿನವೂ ಸೀರೆ ನೇಯುತ್ತಿದ್ದರು. ದರ್ಶನಕ್ಕೆ ಬಂದವರು ಕುಣಿಯ ದಂಡೆಯ ಮೇಲೆ ಕೂತು ತಮ್ಮ ಕಷ್ಟಸುಖ ಹೇಳಿಕೊಳ್ಳಬೇಕು. ಅಜ್ಜನವರು ಲಾಳಿ ಆಡಿಸುತ್ತಲೇ ಕೇಳುತ್ತಿದ್ದರು. ಯಾರೋ ಶ್ರೀಮಂತರು ಬಂದು ಪೀಠ ಕಟ್ಟಿಸಿಕೊಡುತ್ತೇವೆ ಎಂದಾಗ, "ಕುಣಿಯಾಗ ಕುಂತಾಂವನ್ನ ಪೀಠದ ಮ್ಯಾಲೆ ಯಾಕ ಏರಸ್ತೀರಿ? ಅಲ್ಲಿಂದ ಬಿದ್ದರ ಪೆಟ್ಟ ಭಾಳ" ಎಂದು ನಕ್ಕುಬಿಟ್ಟರಂತೆ.

ಆದರೆ ಅವರಿಗೆ ಎರಡು ಹಟಗಳಿದ್ದವು. ಹಟ ಎಂದೆನೆಂದು ಭಕ್ತರು ಬೇಸರಿಸಬಾರದು. ಹಟವಿಲ್ಲದವರು ಸಂತರಾಗುವುದಾದರೂ ಹೇಗೆ? ಮೊದಲನೆಯದು, ಅವರು ಯಾರಿಗೂ ಕಾಲು ಮುಟ್ಟಗೊಡುತ್ತಿರಲಿಲ್ಲ. ಬಾಗಿದವರ ಕೈ ಇತ್ತ ಬರುವಷ್ಟರಲ್ಲಿ ಅವರ ಪಾದಗಳು ಕುಣಿಯ ಕತ್ತಲೆಯೊಳಗೆ ಹೊಕ್ಕಿರುತ್ತಿದ್ದವು. ಪಾದಪೂಜೆ ಎಂದು ತಂಬಿಗೆ ನೀರು ತಂದವರು ಆ ನೀರನ್ನು ಅಂಗಳದ ತುಳಸಿಗೆ ಹಾಕಿ ಮನೆಗೆ ಹೋಗಬೇಕಾಗುತ್ತಿತ್ತು.

ಎರಡನೆಯದು, ಪ್ರತಿ ವರ್ಷ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದುಕೊಂಡು ಹೋಗುವುದು. ನಮ್ಮ ಕಡೆಯಿಂದ ಸಾವಿರಾರು ಜನ ಮಲ್ಲಯ್ಯನ ದರ್ಶನಕ್ಕೆ ಹಾಗೆ ಹೋಗುತ್ತಾರೆ, ಅದರಲ್ಲಿ ವಿಶೇಷವಿಲ್ಲ. ವಿಶೇಷವಿರುವುದು ಅಜ್ಜನವರ ರೀತಿಯಲ್ಲಿ. ಊರಿನ ಗುಂಪು ಕಟ್ಟಿಕೊಳ್ಳದೆ, ಹೆಗಲಿಗೊಂದು ಜೋಳಿಗೆ ಹಾಕಿಕೊಂಡು ಅವರು ಒಬ್ಬರೇ ಹೊರಡುತ್ತಿದ್ದರು. ಹೊರಡುವುದು ಒಬ್ಬರೇ, ನಡೆಯುವುದು ಮಾತ್ರ ಎಂದೂ ಒಬ್ಬರೇ ಅಲ್ಲ. ಹಾದಿಯಲ್ಲಿ ಯಾರು ಪಕ್ಕಕ್ಕೆ ಬಂದರೋ ಅವರೇ ಆ ಹೊತ್ತಿನ ಜೊತೆಗಾರರು. ಬಾ ಎಂದು ಕರೆಯುತ್ತಿರಲಿಲ್ಲ, ಬಂದವರನ್ನು ಬೇಡ ಎನ್ನುತ್ತಿರಲಿಲ್ಲ. ಊಟದ ಹೊತ್ತಿಗೆ ತಮ್ಮ ಬುತ್ತಿಯನ್ನು ಜೊತೆಗಾರರಿಗೆ ಕೊಟ್ಟು, ಅವರ ಬುತ್ತಿಯನ್ನು ತಾವು ಉಣ್ಣುತ್ತಿದ್ದರು. ತನ್ನ ಬುತ್ತಿ ತಾನೇ ಉಣ್ಣುವವನು ಮನೆಯಲ್ಲೇ ಇರಬಹುದಲ್ಲ, ಹಾದಿಗೆ ಯಾಕೆ ಬರಬೇಕು ಎನ್ನುವುದು ಅವರ ಲೆಕ್ಕ.

ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಅಕ್ಕಪಕ್ಕ ಕೂತು ಜಗಳವಾಡಿದವರು ಇಳಿಯುವಾಗ ಬೀಗರಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಈಗ ಹೇಳಲಿರುವ ಪ್ರಸಂಗ ನೆನಪಾದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಇದನ್ನು ನನಗೆ ಹೇಳಿದವರು ಸ್ವತಃ ಡಾಕ್ಟರ್ ಕುಮುದಿನಿಯವರು. ನನ್ನ ಹರ್ನಿಯಾದ ಆಪರೇಷನ್ ಮಾಡಿದವರೂ ಅವರೇ. ನಂಬದವರಿಗೆ ನನ್ನ ಹೊಟ್ಟೆಯ ಮೇಲಿನ ಗೆರೆ ತೋರಿಸಲು ಸಿದ್ಧನಿದ್ದೇನೆ.

ಆ ವರ್ಷ ಕುಮುದಿನಿಯವರಿಗೆ ಮೂವತ್ತನಾಲ್ಕು ವಯಸ್ಸು. ತಿಪಟೂರು ಕಡೆಯವರು. ಒಂದು ಜಿಲ್ಲೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಹಿಂದಿನ ವರ್ಷ ಒಂಬತ್ತು ವರ್ಷದ ಒಂದು ಮಗುವನ್ನು ಹೊಟ್ಟೆನೋವೆಂದು ಅವರ ಬಳಿ ತಂದಿದ್ದರು. ತರುವಾಗಲೇ ನಾಲ್ಕು ದಿನ ತಡವಾಗಿತ್ತು. ಹೊಟ್ಟೆ ಕೊಯ್ದು ನೋಡಿದರೆ ಒಳಗೆಲ್ಲ ಕೀವು ತುಂಬಿತ್ತು. ಮಗು ಉಳಿಯಲಿಲ್ಲ. ಯಾರೂ ಅವರನ್ನು ದೂರಲಿಲ್ಲ. ಆ ಮಗುವಿನ ತಂದೆಯಂತೂ ಎರಡೂ ಕೈ ಮುಗಿದು, "ನಿಮ್ಮ ಕೈಲಾದ್ದೆಲ್ಲ ಮಾಡಿದ್ರಿ ತಾಯಿ" ಎಂದನಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಕೈ ಮುಗಿದದ್ದನ್ನು ತಡೆದುಕೊಳ್ಳಲಾಗಲಿಲ್ಲ ಎಂದು ಅವರು ನನಗೆ ಹೇಳಿದರು.

ಮರುವಾರ ಆಪರೇಷನ್ನಿಗೆಂದು ಬ್ಲೇಡು ಹಿಡಿದರೆ ಬಲಗೈ ನಡುಗತೊಡಗಿತು. ಬೇರೆ ಯಾವ ಕೆಲಸಕ್ಕೂ ನಡುಗದ ಕೈ, ಬ್ಲೇಡು ಕಂಡೊಡನೆ ಗಾಳಿಗೆ ಸಿಕ್ಕ ಎಲೆಯಂತೆ ಆಗುತ್ತಿತ್ತು. ಔಷಧ, ವಿಶ್ರಾಂತಿ, ಪರೀಕ್ಷೆ ಎಲ್ಲ ಆಯಿತು. ನರಗಳಲ್ಲಿ ದೋಷವೇನೂ ಇರಲಿಲ್ಲ. ಕೊನೆಗೆ ಒಂದು ವರ್ಷದ ರಜೆ ಕೊಟ್ಟರು. ಯುಗಾದಿ ಕಳೆದ ಮೇಲೆ ಅವರು ಆಪರೇಷನ್ ಕೋಣೆಗೆ ವಾಪಸು ಬರಬೇಕು, ಇಲ್ಲವೇ ಬ್ಲೇಡನ್ನು ಕಾಯಂ ಆಗಿ ಕೆಳಗಿಟ್ಟು ಕಚೇರಿಯ ಕುರ್ಚಿಗೆ ಹೋಗಬೇಕು. ಹದಿಮೂರು ವರ್ಷ ಓದಿ, ಕಲಿತು ಗಳಿಸಿದ ವಿದ್ಯೆ ಅದು. ಕುರ್ಚಿಯೇ ಗತಿ ಎಂದು ಅವರು ಮನಸ್ಸಿನಲ್ಲಿ ಆಗಲೇ ತೀರ್ಮಾನ ಮಾಡಿಯಾಗಿತ್ತು.

ರಜೆಯ ತಿಂಗಳುಗಳನ್ನೆಲ್ಲ ಅವರು ಬೆನ್ನಿಗೊಂದು ದೊಡ್ಡ ಚೀಲ ಏರಿಸಿಕೊಂಡು ಒಬ್ಬರೇ ಅಲೆದರು. ಯಾರ ಜೊತೆಯೂ ಬೇಡ, ಯಾರ ಪ್ರಶ್ನೆಯೂ ಬೇಡ. ಯುಗಾದಿ ಹತ್ತಿರ ಬಂದಂತೆ, ಮನುಷ್ಯರೇ ಇಲ್ಲದ ಜಾಗಕ್ಕೆ ಹೋಗಿಬಿಡಬೇಕು ಅನ್ನಿಸಿತು. ನಕ್ಷೆ ಬಿಡಿಸಿ ನೋಡಿದರು. ನಲ್ಲಮಲದ ಕಾಡಿನ ನಡುವೆ ಒಂದು ಕಾಲುಹಾದಿ ಕಾಣಿಸಿತು. ಊರಿಲ್ಲ, ರಸ್ತೆಯಿಲ್ಲ, ಹಚ್ಚಗೆ ಕಾಡು. ಇದೇ ಸರಿ ಎಂದು ಹೊರಟರು.

ಓದುಗರೇ, ನಿಮಗೆ ನಗು ಬರುತ್ತಿದ್ದರೆ ನಕ್ಕುಬಿಡಿ. ಯುಗಾದಿಯ ಹಿಂದಿನ ವಾರ ಶ್ರೀಶೈಲದ ಹಾದಿಯಲ್ಲಿ ಮನುಷ್ಯರಿಲ್ಲದ ಜಾಗ ಹುಡುಕಿದವರು ಇಡೀ ಕರ್ನಾಟಕದಲ್ಲಿ ಇವರೊಬ್ಬರೇ ಇರಬೇಕು! ನಕ್ಷೆಯಲ್ಲಿ ಊರು ಬರೆದಿರುತ್ತಾರೆ, ಭಕ್ತರನ್ನು ಎಲ್ಲಿ ಬರೆದಿರುತ್ತಾರೆ? ಕಾಡಿನ ಬಾಯಿಗೆ ಬಂದು ನಿಂತಾಗ ಅವರೆದುರಿಗೆ ಕಣ್ಣು ಹಾಯುವವರೆಗೂ ಜನ. ಹೆಗಲ ಮೇಲೆ ಮಲ್ಲಯ್ಯನ ಪೂಜೆಯ ಕೋಲು, ಅಂದರೆ ಕಂಬಿ ಹೊತ್ತವರು, ತಲೆಯ ಮೇಲೆ ಗಂಟು ಹೊತ್ತವರು, ಭಜನೆ ಹೇಳುವವರು, "ಮಲ್ಲಯ್ಯಾ ಉಘೇ" ಎಂದು ಕೂಗುವವರು. ವಾಪಸು ಹೋಗಲು ಬಸ್ಸು ಮರುದಿನವೇ. ಕುಮುದಿನಿಯವರು ಹಲ್ಲು ಕಚ್ಚಿಕೊಂಡು, ಟೊಪ್ಪಿಗೆಯನ್ನು ಕಣ್ಣಿನವರೆಗೂ ಎಳೆದುಕೊಂಡು ನಡೆಯತೊಡಗಿದರು.

ನಾಗಲೂಟಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೇಲಿನಿಂದ ಯಾರೋ ಕರೆದರು. ನಿಜವಾಗಿಯೂ ಮೇಲಿನಿಂದಲೇ. ಒಬ್ಬ ಮನುಷ್ಯ ಎರಡು ಮರಗಾಲುಗಳ ಮೇಲೆ ನಿಂತು ಒಂದು ಮರವನ್ನು ತಬ್ಬಿಕೊಂಡಿದ್ದ. ಬಲಗಡೆಯ ಮರಗಾಲಿನ ಹಗ್ಗ ಸಡಿಲಾಗಿ ಇನ್ನೇನು ಬೀಳುವಂತಿತ್ತು.

"ಯವ್ವಾ, ಈ ಹಗ್ಗ ಒಂದಿಷ್ಟ ಬಿಗದ ಕೊಡ. ಇಳದರ ಹರಕಿ ಕೆಡತೈತಿ."

ಅವನ ಹೆಸರು ಗದ್ದೆಪ್ಪ. ಮಗಳು ಎಸ್ಸೆಸ್ಸೆಲ್ಸಿ ಪಾಸಾದರೆ ಶ್ರೀಶೈಲಕ್ಕೆ ನಡೆದು ಬರುತ್ತೇನೆ, ಫಸ್ಟ್ ಕ್ಲಾಸಿನಲ್ಲಿ ಪಾಸಾದರೆ ಕಾಡಿನ ಹಾದಿಯನ್ನು ಮರಗಾಲಿನ ಮೇಲೆ ನಡೆಯುತ್ತೇನೆ ಎಂದು ಹರಕೆ ಹೊತ್ತಿದ್ದನಂತೆ. "ಆಕಿ ಓದೂ ಚಂದ ನೋಡಿ, ಧೈರ್ಯದ ಮ್ಯಾಲೆ ಹೇಳಿದ್ನಿರಿ. ಫಸ್ಟ್ ಕ್ಲಾಸ ಬಂದು ನನ್ನ ಸೊಂಟ ಮುರದ್ಲು!" ಎಂದು ಅವನು ಮೇಲಿನಿಂದ ಹೇಳುತ್ತಿದ್ದರೆ, ಕುಮುದಿನಿಯವರಿಗೆ ತಿಂಗಳುಗಳ ನಂತರ ಮೊದಲ ಸಲ ನಗು ಬಂತು. ನಗುತ್ತಲೇ ಹಗ್ಗ ಹಿಡಿದರು. ಬಲಗೈಯಿಂದ ಮರಗಾಲನ್ನು ಅವನ ಮೊಣಕಾಲ ಕೆಳಗೆ ಒತ್ತಿ ಹಿಡಿದು, ಎಡಗೈಯ ಬೆರಳುಗಳಿಂದಲೇ ಹಗ್ಗವನ್ನು ತಿರುವಿ, ಹೊಸೆದು, ಎಳೆದು ಗಂಟು ಹಾಕಿದರು. ಇಷ್ಟನ್ನೂ ಮಾಡುವಾಗ ಅವರು ಕೈಯ ಕಡೆ ನೋಡಿರಲೇ ಇಲ್ಲ.

ನೋಡಿದವರು ಬೇರೆಯವರು. ಹಾದಿಯ ಪಕ್ಕದ ಬಂಡೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಮೊಣಕಾಲಿನವರೆಗೆ ಧೋತರ, ಹೆಗಲಲ್ಲಿ ಜೋಳಿಗೆ, ಎಡ ಹಿಮ್ಮಡಿಗೆ ಒಂದು ಅರಿವೆ ಸುತ್ತಿತ್ತು. ಪೂಜ್ಯರು ಆ ಗಂಟನ್ನು ನೋಡಿದರು. ಹುಟ್ಟಿದಾಗಿನಿಂದ ಎಳೆಗೆ ಎಳೆ ಗಂಟು ಹಾಕಿದ ಕಣ್ಣುಗಳು ಅವು. ನೋಡಿ ಸುಮ್ಮನಾದರು.

ಅವರ ಪಕ್ಕದಲ್ಲಿ ಕೂತಿದ್ದ ಶಾವಂತ್ರವ್ವ ಸುಮ್ಮನಾಗುವ ಪೈಕಿಯವರಲ್ಲ. ಹುನಗುಂದ ಕಡೆಯ ಹೆಣ್ಣುಮಗಳು, ಐವತ್ತರ ಮೇಲಿನ ವಯಸ್ಸು. ಎರಡು ದಿನದಿಂದ ಅಜ್ಜನವರ ಜೊತೆಗೆ ನಡೆಯುತ್ತಿದ್ದರು.

"ಒಬ್ಬಾಕೀನ ಬಂದೀಯೇನಬೇ?"

"ಹೌದು."

"ಜೋಡಿ ಯಾರೂ ಇಲ್ಲ?"

"ಇಲ್ಲ."

"ಗಂಡ?"

"ಇಲ್ಲ."

"ಹರಕಿ?"

"ಅದೂ ಇಲ್ಲ."

"ಮತ್ತ ಆ ಚೀಲದಾಗ ಏನೈತಿ ಅಷ್ಟ?"

ಗದ್ದೆಪ್ಪ ಮೇಲಿನಿಂದ ಕಿಸಕ್ಕನೆ ನಕ್ಕ. ಏನು ಕೆಲಸ ಎಂದು ಕೇಳಿದ್ದಕ್ಕೆ ಕುಮುದಿನಿಯವರು ಟೈಪಿಂಗ್ ಎಂದು ಸುಳ್ಳು ಹೇಳಿದರು. ಡಾಕ್ಟರೆಂದು ಗೊತ್ತಾದರೆ ಈ ಹಾದಿಯಲ್ಲಿ ತನ್ನನ್ನು ಬಿಡುವವರಿಲ್ಲ ಎಂದು ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಬುತ್ತಿ ಬಿಚ್ಚುವ ಹೊತ್ತಾಯಿತು. ಅಜ್ಜನವರು ತಮ್ಮ ಬುತ್ತಿಯ ಗಂಟನ್ನು ಆಕೆಯ ಕಡೆ ಚಾಚಿ, ಆಕೆಯ ಚೀಲದ ಕಡೆ ಕೈ ಒಡ್ಡಿದರು. ಈ ಪದ್ಧತಿ ಏನೆಂದು ಶಾವಂತ್ರವ್ವ ವಿವರಿಸಿ ಹೇಳಬೇಕಾಯಿತು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಕುಮುದಿನಿಯವರ ಪಾಲಿಗೆ ಬಂತು. ಅಂಗಡಿಯಿಂದ ತಂದ ಬಣ್ಣದ ಕಾಗದದೊಳಗಿನ ಗಟ್ಟಿ ಸಿಹಿತಿಂಡಿ ಎರಡು ತುಂಡು ಪೂಜ್ಯರ ಪಾಲಿಗೆ. ಅವರು ಅದನ್ನೇ ಪ್ರಸಾದವೆಂಬಂತೆ ಕಣ್ಣಿಗೊತ್ತಿಕೊಂಡು, ನಿಧಾನವಾಗಿ ಅಗಿದು ನೀರು ಕುಡಿದರು. ಆ ರೊಟ್ಟಿಯ ರುಚಿಯನ್ನು ನೆನೆದು ಡಾಕ್ಟರಮ್ಮನವರು ಈಗಲೂ ಬಾಯಿ ಚಪ್ಪರಿಸುತ್ತಾರೆ.

ಎಲ್ಲರೂ ಎದ್ದು ನಡೆಯತೊಡಗಿದಾಗ ಒಂದು ವಿಷಯ ಕುಮುದಿನಿಯವರ ಕಣ್ಣಿಗೆ ಬಿತ್ತು. ಮುದುಕರು ಎಡಗಾಲನ್ನು ಪೂರ್ತಿ ಊರುತ್ತಿರಲಿಲ್ಲ. ಕೇಳದಿದ್ದರೂ ಶಾವಂತ್ರವ್ವ ಹೇಳಿದರು: ಕಾಡಿಗೆ ಬರುವ ಮುಂಚೆಯೇ ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟಿತ್ತು, ಅಜ್ಜನವರಿಗೆ ನಿದ್ದೆ ಹತ್ತಿದಾಗ ಈಕೆ ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಕದ್ದು ತೆಗೆಯಲು ಹೋಗಿದ್ದರು, ಮುಳ್ಳು ಒಳಗೇ ಮುರಿಯಿತು. ಮೇಲೆ ಎಕ್ಕೆಯ ಹಾಲು ಬೇರೆ ಹಚ್ಚಿದರು. ನಮ್ಮ ಹೆಣ್ಣುಮಕ್ಕಳ ಬಳೆಯ ಪಿನ್ನು ಅರ್ಧ ಲೋಕವನ್ನು ಕಾಪಾಡಿದೆ, ಉಳಿದರ್ಧವನ್ನು ಕೆಡಿಸಿದೆ. "ಮುಟ್ಟಗೊಡದ ಕಾಲ ಕದ್ದ ಮುಟ್ಟಿದ್ನಿ, ಅದಕ ಹಿಂಗಾತು. ಪಾಪಿ ನಾನು" ಎಂದು ಆಕೆ ಕಣ್ಣೊರೆಸಿಕೊಂಡರು.

ಕುಮುದಿನಿಯವರು ಆ ಕಾಲಿನ ಕಡೆ ನೋಡಲಿಲ್ಲ. ನೋಡಿದರೆ ಏನಾದರೂ ಮಾಡಬೇಕಾಗುತ್ತಿತ್ತು. "ನಾನು ಬೇಕಂತಲೇ ಅವರ ಮುಂದೆ ನಡೆದೆ. ಹಿಂದೆ ನಡೆದರೆ ಕಾಲು ಕಾಣ್ತಿತ್ತಲ್ಲ" ಎಂದು ಅವರು ನನಗೆ ಹೇಳುವಾಗ, ಅಷ್ಟು ವರ್ಷಗಳಾದರೂ, ಮುಖ ಕೆಂಪಾಗಿತ್ತು.

ಮರುದಿನ ಮಧ್ಯಾಹ್ನಕ್ಕೆ ಎಲ್ಲರೂ ಭೀಮನಕೊಳ್ಳಕ್ಕೆ ಇಳಿದರು. ಈ ಹಾದಿಯಲ್ಲಿ ನಡೆದವರಿಗೆ ಆ ಕೊಳ್ಳ ಗೊತ್ತು. ಸುತ್ತಲೂ ಗೋಡೆಯಂಥ ಗುಡ್ಡ, ಆಚೆ ಕಡೆ ಕೈಲಾಸದ್ವಾರಕ್ಕೆ ಏರುವ ನೂರಾರು ಮೆಟ್ಟಿಲು. ಕೆಳಗೆ ದಾಸೋಹದವರು ಚಪ್ಪರ ಹಾಕಿ ಅನ್ನ ಬೇಯಿಸುತ್ತಿದ್ದರು. ಅಲ್ಲಿಗೆ ಬರುವಾಗ ಅಜ್ಜನವರು ಇಬ್ಬರ ಹೆಗಲ ಮೇಲೆ ಕೈ ಹಾಕಿದ್ದರು. ಕಣ್ಣು ಕೆಂಪಾಗಿದ್ದವು, ತುಟಿ ಒಣಗಿದ್ದವು. ಒಂದು ಮರದ ಬುಡದಲ್ಲಿ ಅವರನ್ನು ಕೂರಿಸಿದರು. ಮೈ ಕಾದ ಹಂಚಿನಂತಿತ್ತು.

ಶಾವಂತ್ರವ್ವ ಬಾಯಿ ಬಡಿದುಕೊಳ್ಳತೊಡಗಿದರು. ಜನ ಸೇರಿದರು. ಹೊತ್ತುಕೊಂಡು ಹಿಂದಕ್ಕೆ ಹೋಗೋಣ ಎಂದರು ಕೆಲವರು. ಹೊತ್ತು ಮೆಟ್ಟಿಲೇರೋಣ ಎಂದರು ಕೆಲವರು. ಹಿಂದಕ್ಕೆ ಹೋದರೆ ಒಂದೂವರೆ ದಿನದ ಹಾದಿ. ಮೇಲೇರಿ ಗಾಡಿ ಸಿಗುವ ಜಾಗ ಮುಟ್ಟುವುದು ಮರುದಿನ.

ಆಗ, ಭಕ್ತರೇ, ಯಾವತ್ತೂ ನಡೆಯದ ಸಂಗತಿಯೊಂದು ನಡೆಯಿತು. ಯಾರು ಬಾಗಿದರೂ ಕಾಲು ಒಳಗೆಳೆದುಕೊಳ್ಳುತ್ತಿದ್ದ ಪೂಜ್ಯರು, ಗುಂಪಿನ ಹಿಂದೆ ಚೀಲ ಹೊತ್ತು ನಿಂತಿದ್ದ ಕುಮುದಿನಿಯವರನ್ನು ಕಣ್ಣಿನಲ್ಲೇ ಹುಡುಕಿ, ಕೈಬೀಸಿ ಕರೆದರು. ಆಕೆ ಹತ್ತಿರ ಬಂದು ಕೂತೊಡನೆ ಅರಿವೆ ಬಿಚ್ಚಿ, ತಮ್ಮ ಎಡಗಾಲನ್ನು ತಾವಾಗಿಯೇ ಆಕೆಯ ಮಡಿಲಿಗೆ ಚಾಚಿದರು.

ಈಗ ನೋಡದೆ ಗತಿಯಿರಲಿಲ್ಲ. ಹಿಮ್ಮಡಿ ಬಾತು ಹೊಳೆಯುತ್ತಿತ್ತು, ಒಳಗೆ ಕೀವು ತುಂಬಿತ್ತು. ಹಿಮ್ಮಡಿಯಿಂದ ಒಂದು ಕೆಂಪು ಗೆರೆ ಮೀನಖಂಡದ ಮೇಲೆ ಏರಿ ಹೊರಟಿತ್ತು. ಅದೇನೆಂದು ಅಲ್ಲಿದ್ದ ನೂರಾರು ಜನರಲ್ಲಿ ಒಬ್ಬರಿಗೇ ಗೊತ್ತಿತ್ತು. ಆ ಗೆರೆ ತೊಡೆಗೆ ಮುಟ್ಟಿದರೆ ಕಾಲು ಹೋಗುತ್ತದೆ. ಇನ್ನೂ ಮೇಲೆ ಹೋದರೆ ಎಪ್ಪತ್ತೊಂದು ವರ್ಷದ ಆ ಜೀವ ಉಳಿಯುವುದಿಲ್ಲ. ನಾಳೆಯ ಮಾತಲ್ಲ, ಈಗಲೇ ಕೊಯ್ದು ಕೀವು ತೆಗೆಯಬೇಕು. ಆಕೆಯ ಚೀಲದ ಔಷಧದ ಡಬ್ಬಿಯಲ್ಲಿ, ಚಿಮಟದ ಪಕ್ಕದಲ್ಲೇ, ಪೊಟ್ಟಣ ಒಡೆಯದ ಬ್ಲೇಡೊಂದಿತ್ತು. ಯಾಕೆ ಇಟ್ಟುಕೊಂಡಿದ್ದರೋ, ಅವರಿಗೇ ತಿಳಿಯದು.

"ನನ್ನ ಕೈಲಿ ಆಗಲ್ಲ" ಎಂದರು ಕುಮುದಿನಿಯವರು. "ನಾನು ಟೈಪಿಂಗ್..."

"ಆ ಗಂಟ ಟೈಪಿಂಗ ಮಾಡಾವ್ರು ಹಾಕೂದಿಲ್ಲ ಬಿಡವಾ" ಎಂದರು ಅಜ್ಜನವರು, ಜ್ವರದಲ್ಲೂ ನಗುತ್ತ. ತಮ್ಮ ಹಣೆಯ ಮೇಲಿನ ಹಳೆಯ ಕಲೆ ತೋರಿಸಿದರು. ಚಿಕ್ಕಂದಿನಲ್ಲಿ ಮಗ್ಗದ ಮರ ಬಿದ್ದು ಒಡೆದ ಹಣೆಗೆ ಬಾಗಲಕೋಟೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರರೊಬ್ಬರು ಅದೇ ಗಂಟನ್ನು ಹಾಗೆಯೇ ಒಂದೇ ಕೈಯಲ್ಲಿ ಹಾಕಿದ್ದರಂತೆ. ನೇಕಾರರ ಹುಡುಗ ನೋವು ಮರೆತು ಆ ಕೈಯನ್ನೇ ನೋಡಿದ್ದ.

ಕುಮುದಿನಿಯವರಿಗೆ ತಡೆಯಲಾಗಲಿಲ್ಲ. ವರ್ಷವಿಡೀ ತಮ್ಮ ತಾಯಿಗೂ ಹೇಳದ ಮಾತನ್ನು ಆ ಕಾಡಿನಲ್ಲಿ, ಗುರುತು ಪರಿಚಯವಿಲ್ಲದ ಜನರ ನಡುವೆ ಬಾಯಿಬಿಟ್ಟು ಹೇಳಿದರು. ಮಗು ಸತ್ತದ್ದನ್ನು ಹೇಳಿದರು, ಕೈ ನಡುಗುವುದನ್ನು ಹೇಳಿದರು. ನಂಬಿಕೆ ಬರಲೆಂದು ಬ್ಲೇಡಿನ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ತೋರಿಸಿದರು. ಎಲ್ಲರೂ ನೋಡಿದರು. ಕೈ ನಿಜಕ್ಕೂ ನಡುಗುತ್ತಿತ್ತು.

"ನೋಡಿ ಅಜ್ಜ, ಹೀಗಾಗತ್ತೆ. ಈ ಕೈಲಿ ಹ್ಯಾಗೆ ಕೊಯ್ಯಲಿ?"

ಪೂಜ್ಯರು ಕೈಯ ಕಡೆ ನೋಡಲಿಲ್ಲ, ಆಕೆಯ ಮುಖವನ್ನು ನೋಡಿದರು.

"ನಿನ್ನ ಕೈ ನಡುಗಲಿ ಬಿಡವಾ. ನನ್ನ ಕಾಲ ನಡುಗೂದಿಲ್ಲ."

ಇಷ್ಟೇ. ಉಪದೇಶವಿಲ್ಲ, ಮಂತ್ರವಿಲ್ಲ, ತಲೆಯ ಮೇಲೆ ಕೈಯಿಟ್ಟದ್ದೂ ಇಲ್ಲ. ನಡುಕ ನಿಲ್ಲಲಿ ಎಂದು ಅವರು ಹರಸಲಿಲ್ಲ, ಗಮನಿಸಿ. ವರ್ಷದಿಂದ ಆಕೆಗೆ ಎಲ್ಲರೂ ನಡುಕ ನಿಂತ ಮೇಲೆ ಬಾ ಎಂದೇ ಹೇಳುತ್ತಿದ್ದರು. ನಡುಗುವ ಕೈಯನ್ನೇ ತಾ ಎಂದು ಕೇಳಿದವರು ಇವರೊಬ್ಬರೇ.

ಕುಮುದಿನಿಯವರು ತೋಳು ಮೇಲೇರಿಸಿಕೊಂಡರು. ಆಮೇಲೆ ಅವರ ಧ್ವನಿಯೇ ಬದಲಾಯಿತು. ಬಿಸಿನೀರು ತನ್ನಿ, ಸೋಪು ತನ್ನಿ, ಗಾಳಿ ಬಿಡಿ, ದೂರ ಸರೀರಿ. ದಾಸೋಹದವರು ಅನ್ನದ ಒಲೆಯ ಮೇಲಿಂದ ನೀರು ಹೊತ್ತು ಓಡಿ ಬಂದರು. ಗದ್ದೆಪ್ಪ ಮರಗಾಲಿನ ಮೇಲೆ ನಿಂತೇ ಎರಡು ಕೈಯಲ್ಲಿ ಕಂಬಳಿ ಹಿಡಿದು ಬಿಸಿಲಿಗೆ ನೆರಳು ಮಾಡಿದ. ಅಷ್ಟೆತ್ತರದ ಕೊಡೆ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ! ಶಾವಂತ್ರವ್ವನ ಕೈಗೆ ಸೋಪು ಹಾಕಿ ತೊಳೆಸಿ, ಹತ್ತಿ ಹಿಡಿದುಕೊಂಡು ಕೂರಲು ಹೇಳಿದರು.

"ಅಜ್ಜ, ಮರಗಟ್ಟಿಸುವ ಔಷಧ ನನ್ನ ಹತ್ರ ಇಲ್ಲ. ತುಂಬಾ ನೋಯತ್ತೆ."

ಅಜ್ಜನವರು ತಲೆಯಾಡಿಸಿದರು.

ಬ್ಲೇಡು ಹೊರಗೆ ಬಂತು. ಕೈ ನಡುಗಿತು. ನಡುಗುವ ಕೈಯನ್ನೇ ಅವರು ಹಿಮ್ಮಡಿಯ ಮೇಲಿಟ್ಟರು. ಮೊದಲ ಗೀರು ಸೊಟ್ಟಗೆ ಬಿತ್ತು, ಬೇಕಾದದ್ದಕ್ಕಿಂತ ಕೊಂಚ ಉದ್ದವೂ ಆಯಿತು. ರಕ್ತ ಚಿಮ್ಮಿತು. ಹೆಂಗಸರು ಚೀರಿದರು. ಕುಮುದಿನಿಯವರು ಕೈ ಹಿಂದಕ್ಕೆಳೆದುಕೊಂಡು ಅಜ್ಜನವರ ಮುಖ ನೋಡಿದರು. ಆ ಕಾಲು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಮಗ್ಗದ ಗೂಟ ನೆಲದಲ್ಲಿ ಹೂತಂತೆ ಆಕೆಯ ಮಡಿಲಿನಲ್ಲಿತ್ತು. ಅಜ್ಜನವರ ಹಣೆಯಲ್ಲಿ ಬೆವರು ಮಾತ್ರ ಸಾಲುಗಟ್ಟಿತ್ತು.

"ಮುಂದ" ಎಂದರು ಪೂಜ್ಯರು.

ಎರಡನೆಯ ಗೀರು ಆಳಕ್ಕೆ ಹೋಯಿತು. ಕೀವು ನುಗ್ಗಿ ಬಂತು. ಒತ್ತಿದರು, ತೊಳೆದರು, ಮತ್ತೆ ಒತ್ತಿದರು. ಚಿಮಟದ ತುದಿಗೆ ಏನೋ ಗಟ್ಟಿಯಾಗಿ ತಾಗಿತು. ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಒಲೆಯ ಮೇಲೆ ಅನ್ನ ಕುದಿಯುವ ಸದ್ದು ಕೇಳುತ್ತಿತ್ತಂತೆ. ಮೂರನೆಯ ಸಲ ಮುಳ್ಳು ಚಿಮಟಕ್ಕೆ ಕಚ್ಚಿಕೊಂಡು ಹೊರಬಂತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕಪ್ಪು ಮುಳ್ಳು! ಗದ್ದೆಪ್ಪ ಮೇಲಿನಿಂದ ಅದನ್ನು ಮೊದಲು ಕಂಡು, "ಬಂತೋ! ಬಂತೋ! ಮಲ್ಲಯ್ಯಾ ಉಘೇ!" ಎಂದು ಕೂಗಿದ. ಇಡೀ ಕೊಳ್ಳ ಉಘೇ ಉಘೇ ಎಂದಿತು. ಸುತ್ತಲಿನ ಗುಡ್ಡಗಳು ಅದನ್ನೇ ಮರಳಿ ಕೂಗಿದವು. ಶಾವಂತ್ರವ್ವ ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವ ಹಾಗಿರಲಿಲ್ಲ.

ಇಲ್ಲಿಗೆ ಕತೆ ಮುಗಿಯಿತು, ಡಾಕ್ಟರಮ್ಮನ ನಡುಕ ಪವಾಡದಂತೆ ನಿಂತುಹೋಯಿತು ಎಂದು ಕೆಲವರು ಭಜನೆಗಳಲ್ಲಿ ಹಾಡುತ್ತಾರೆ. ಅದು ಸುಳ್ಳು. ಗಾಯಕ್ಕೆ ಪಟ್ಟಿ ಕಟ್ಟುವಾಗಲೂ ಅವರ ಕೈ ನಡುಗುತ್ತಲೇ ಇತ್ತು. ಅದನ್ನು ಅವರೇ ನನಗೆ ಹೇಳಿದ್ದಾರೆ, ಮತ್ತು ನನಗೆ ಹಾಡಿಗಿಂತ ಅವರ ಮಾತಿನ ಮೇಲೆ ನಂಬಿಕೆ ಹೆಚ್ಚು.

ನಿಜವಾಗಿ ನಡೆದದ್ದು ಅದಕ್ಕಿಂತ ದೊಡ್ಡದು. ಪಟ್ಟಿ ಕಟ್ಟಿ ಮುಗಿಸಿ, ಜ್ವರದ ಮಾತ್ರೆ ಕೊಟ್ಟು, ಕಾಲನ್ನು ಚೀಲದ ಮೇಲೆ ಎತ್ತರಕ್ಕಿಟ್ಟು ಅವರು ಏಳಬೇಕೆನ್ನುವಷ್ಟರಲ್ಲಿ, ಶಾವಂತ್ರವ್ವ ತಮ್ಮ ಪಾದವನ್ನು ಮುಂದೆ ಚಾಚಿದರು. "ನಂದೂ ಒಂದಿಷ್ಟ ನೋಡಬೇ. ಎಂಟ ದಿನದಿಂದ ಬೊಬ್ಬಿ." ಹೊಟ್ಟೆ ತುಂಬ ನಗು ಬಂತು ಕುಮುದಿನಿಯವರಿಗೆ. ನೋಡಿದರು. ಅಷ್ಟರಲ್ಲಿ ಹಿಂದೆ ಇನ್ನೊಬ್ಬರು ಕೂತಿದ್ದರು, ಅವರ ಹಿಂದೆ ಮತ್ತೊಬ್ಬರು. ಹತ್ತು ದಿನ ಬರಿಗಾಲಲ್ಲಿ ನಡೆದ ಜನ! ಒಬ್ಬರಿಗೆ ಮುಳ್ಳು, ಒಬ್ಬರಿಗೆ ಗಾಜಿನ ಚೂರು, ಒಬ್ಬರಿಗೆ ಬಾತ ಉಗುರು, ಒಡೆದ ಹಿಮ್ಮಡಿ ಎಲ್ಲರಿಗೂ. ಡಾಕ್ಟರಮ್ಮ ಕೂತಿದ್ದಾರಂತೆ ಎಂಬ ಸುದ್ದಿ ಕೊಳ್ಳದ ಈ ತುದಿಯಿಂದ ಆ ತುದಿಗೆ ಬೆಂಕಿಯಂತೆ ಹಬ್ಬಿತು. ಸಾಲು ಚಪ್ಪರವನ್ನು ದಾಟಿ ಮೆಟ್ಟಿಲ ಬುಡದವರೆಗೂ ಬೆಳೆಯಿತು.

ದಾಸೋಹದವರು ಸೂಜಿ, ಚಿಮಟಗಳನ್ನು ಪಾತ್ರೆಯಲ್ಲಿ ಕುದಿಸಿ ಕುದಿಸಿ ಕೊಟ್ಟರು. ತಮ್ಮಲ್ಲಿದ್ದ ಔಷಧದ ಪೆಟ್ಟಿಗೆಯನ್ನೂ ತಂದು ಮುಂದಿಟ್ಟರು. ಅದರಲ್ಲಿ ಇನ್ನಷ್ಟು ಬ್ಲೇಡುಗಳಿದ್ದವು. ಪಟ್ಟಿಯ ಬಟ್ಟೆ ಮುಗಿದಾಗ, ಮಲಗಿದ್ದಲ್ಲಿಂದಲೇ ಅಜ್ಜನವರು ತಮ್ಮ ಜೋಳಿಗೆಯಲ್ಲಿದ್ದ ಮಡಿ ಧೋತರವನ್ನು ತರಿಸಿಕೊಂಡು, ನೇರ ಎಳೆ ಹಿಡಿದು, ಒಂದೇ ಅಗಲದ ಪಟ್ಟಿಗಳಾಗಿ ಹರಿದು ಹರಿದು ಕೊಟ್ಟರು. ಅದನ್ನೂ ಕುದಿಸಿ ಒಣಗಿಸಿದರು. ಬೇಡ, ಸುಮ್ಮನೆ ಮಲಗಿ ಎಂದು ಡಾಕ್ಟರಮ್ಮ ಗದರಿದರೆ, ಬೈಸಿಕೊಂಡ ಮಗುವಿನಂತೆ ಕಣ್ಣು ಮುಚ್ಚಿಕೊಂಡು ಕೈಗಳನ್ನು ಮಾತ್ರ ಆಡಿಸುತ್ತಿದ್ದರಂತೆ.

ಹೊತ್ತು ಮುಳುಗುವವರೆಗೂ ನಡೆಯಿತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಜ್ಜನವರ ಜ್ವರ ಬಿಟ್ಟಿತ್ತು, ಕೆಂಪು ಗೆರೆ ಮೀನಖಂಡದಿಂದ ಕೆಳಕ್ಕಿಳಿದಿತ್ತು. ಮುಖ ತೊಳೆಯುವ ಮೊದಲೇ ಹೊಸ ಸಾಲು ನಿಂತಿತ್ತು. ಹಿಂದಿನ ಗುಂಪುಗಳೂ ಬಂದು ಸೇರಿದ್ದವು. ಕುಮುದಿನಿಯವರು ಮತ್ತೆ ಕೂತರು. ಒಬ್ಬ ಮುದುಕಿಯ ಹೆಬ್ಬೆರಳನ್ನು ಕೊಯ್ದರು. ಕಂಬಿ ಹೊತ್ತವರೊಬ್ಬರ ಅಂಗಾಲಿನಿಂದ ಗಾಜು ತೆಗೆದು ಮೂರು ಹೊಲಿಗೆ ಹಾಕಿದರು. ಎಷ್ಟು ಕಾಲುಗಳಾದವೋ ಲೆಕ್ಕ ಇಟ್ಟವರಿಲ್ಲ.

"ಹಾಗಾದರೆ ನಡುಕ ಯಾವಾಗ ನಿಂತಿತು?" ಎಂದು ನಾನು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಕೇಳಿದ್ದೆ. ಇಂಥ ಕ್ಷಣದಲ್ಲೇ ನಿಂತಿತು ಎಂದು ಭಕ್ತರಿಗೆ ಹೇಳಲು ನನಗೂ ಒಂದು ಕ್ಷಣ ಬೇಕಿತ್ತು.

ಅವರು ನನ್ನ ಗಾಯದ ಪಟ್ಟಿ ಬಿಚ್ಚುತ್ತಲೇ, "ಗೊತ್ತಿಲ್ಲ ಕಣ್ರೀ" ಎಂದರು. "ಆ ಬೆಳಿಗ್ಗೆ ಶಾವಂತ್ರವ್ವ ಚಹಾ ತಂದುಕೊಟ್ರು. ಎಡಗೈಲಿ ಲೋಟ ತಗೊಂಡೆ, ಬಲಗೈಲಿ ಬ್ಲೇಡ್ ಇತ್ತು. ಕುಡೀತಾ ಸುಮ್ನೆ ಕೈ ನೋಡ್ಕೊಂಡೆ. ಬ್ಲೇಡ್ ಅಲ್ಲಾಡ್ತಾನೇ ಇರಲಿಲ್ಲ. ಯಾರ ಕಾಲು ನೋಡುವಾಗ ನಿಂತಿತೋ, ಎಷ್ಟು ಹೊತ್ತಾಗಿತ್ತೋ, ನಂಗೆ ತಿಳೀಲೇ ಇಲ್ಲ."

ಆ ಸಂತೋಷವನ್ನು ಹೇಳಲು ಅವರು ಮರದ ಬುಡದ ಕಡೆ ತಿರುಗಿದರಂತೆ. ಅಲ್ಲಿ ಯಾರೂ ಇರಲಿಲ್ಲ. ಮೂರು ದಿನ ಅಲುಗಾಡಬಾರದು ಎಂದು ಕಟ್ಟಪ್ಪಣೆ ಪಡೆದಿದ್ದ ರೋಗಿ, ಡಾಕ್ಟರ ಮಾತಿಗೆ ಮೂರು ಕಾಸಿನ ಬೆಲೆ ಕೊಡದೆ ಎದ್ದು ಹೋಗಿದ್ದರು. ತಲೆಯೆತ್ತಿ ನೋಡಿದರೆ ಕೈಲಾಸದ್ವಾರದ ಮೆಟ್ಟಿಲುಗಳ ಮೇಲೆ, ಅರ್ಧ ಗುಡ್ಡದಷ್ಟು ಎತ್ತರದಲ್ಲಿ, ಒಂದು ಬಿಳಿಯ ಆಕೃತಿ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಏರುತ್ತಿತ್ತು. ಪಕ್ಕದಲ್ಲಿ ಯಾರೋ ಹೊಸಬರು, ಅವರ ಹೆಗಲ ಮೇಲೆ ಅಜ್ಜನವರ ಕೈ.

ಕುಮುದಿನಿಯವರು ಎದ್ದು ನಿಂತರು. ಓಡಿದರೆ ಹಿಡಿಯಬಹುದಿತ್ತು. ಕಾಲಿಗೆ ಬಿದ್ದು ಬರಬೇಕು, ಚೆನ್ನಾಗಿ ಬೈದೂ ಬರಬೇಕು ಎಂದು ಜೀವ ಹಾರುತ್ತಿತ್ತು. ಎದುರಿಗೆ ಇನ್ನೂ ಹನ್ನೊಂದು ಜನ ಕಾಲು ಚಾಚಿ ಕೂತಿದ್ದರು.

ಮೆಟ್ಟಿಲ ಕಡೆಗೆ ಒಮ್ಮೆ ಕೈ ಮುಗಿದರು. ಆಮೇಲೆ ಕೂತು, ಮೊದಲನೆಯವರ ಪಾದವನ್ನು ಎತ್ತಿ ಮಡಿಲಿಗಿಟ್ಟುಕೊಂಡರು.